ಮಲೆಯ ಮನೆಗಳೂ ಮುಯ್ಯಿಯ ಧರ್ಮವೂ

(ಶ್ರೀಮಠದ ಸುವರ್ಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)





ದಾಸೋಹದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಿಯವರ ಅಪ್ಪಣೆಯಾಗಿದೆ. ಈ ವಿಷಯವನ್ನು ಕುರಿತು ಶ್ರೀಮಠದಲ್ಲಿ ಅನೇಕ ಪ್ರವಚನಗಳು ನಡೆದಿವೆ. ಅದರ ತಾತ್ತ್ವಿಕ ನಿರೂಪಣೆಯನ್ನು ಚೆನ್ನಾಗಿ ಕೇಳಿ ಬಲ್ಲ ತಮ್ಮ ಮುಂದೆ ಅದನ್ನೇ ಮತ್ತೆ ಹೇಳಹೊರಟರೆ ಪಿಷ್ಟಪೇಷಣವಾದೀತು. ಆದುದರಿಂದ ಈ ಹೊತ್ತು ತತ್ತ್ವವನ್ನು ಪಕ್ಕಕ್ಕಿಟ್ಟು ಒಂದು ಸ್ಥಳವನ್ನು ಹಿಡಿಯುತ್ತೇನೆ. ರಸ್ತೆಯೂ ವಿದ್ಯುತ್ತಿನ ತಂತಿಯೂ ಮುಟ್ಟದ ಕಾಡಿನ ನಡುವೆ ಮನುಷ್ಯರು ಒಬ್ಬರನ್ನೊಬ್ಬರು ಆತುಕೊಂಡು ಬಾಳಿದ ಬಗೆ ಯಾವುದು, ಆ ಬಾಳಿಗೂ ನಗರವಾಸಿಗಳಾದ ನಮಗೂ ಇರುವ ಸಂಬಂಧವೇನು, ಎಂಬಿಷ್ಟನ್ನು ವಿಚಾರಿಸಿದರೆ ದಾಸೋಹದ ಅರ್ಥವು ತಾನಾಗಿಯೇ ವಿಶದವಾದೀತೆಂದು ನನ್ನ ನಂಬಿಕೆ.

ಇಲ್ಲಿ ಕುಳಿತಿರುವವರಲ್ಲಿ ಮಲೆಯ ಮಹದೇಶ್ವರನ ಒಕ್ಕಲಿನವರು ಅನೇಕರಿದ್ದೀರಿ. ಶಿವರಾತ್ರಿಗೆ ಮುಂಚೆ ಕನಕಪುರದ ದಾರಿ ಹಿಡಿದು, ಸಂಗಮದಲ್ಲಿ ಕಾವೇರಿಯನ್ನು ದಾಟಿ, ಕಾಲ್ನಡಿಗೆಯಿಂದ ಬೆಟ್ಟವನ್ನು ಸೇರುವ ಭಕ್ತರೂ ಉಂಟು. ಬಸ್ಸಿನಲ್ಲಿ ಕಾರಿನಲ್ಲಿ ಹೋಗಿ ದರ್ಶನ ಮಾಡಿ ಬರುವವರೂ ಉಂಟು. ಗುಡಿಯನ್ನು ಎಲ್ಲರೂ ಬಲ್ಲೆವು. ಸಾಲೂರು ಮಠವನ್ನು ಬಲ್ಲೆವು. ಅಲ್ಲಿಯ ಪ್ರಸಾದದ ರುಚಿಯನ್ನೂ ಬಲ್ಲೆವು. ಆದರೆ ಗುಡಿಯ ಹಿಂದೆ, ಎಪ್ಪತ್ತೇಳು ಮಲೆಗಳೆಂದು ಕಂಸಾಳೆಯವರು ಕೊಂಡಾಡುವ ಆ ಬೆಟ್ಟಸಾಲಿನ ಒಳಗೆ, ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ, ತೋಕೆರೆ, ದೊಡ್ಡಾಣೆ ಮೊದಲಾದ ಊರುಗಳಿರುವುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಬೇಡಗಂಪಣರೂ ಸೋಲಿಗರೂ ಆ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದಿದ್ದಾರೆ. ಮಾದಪ್ಪನ ಪೂಜೆಯನ್ನು ವಂಶಪಾರಂಪರ್ಯವಾಗಿ ನಡಸುವ ತಂಬಡಿಗಳು ಈ ಬೇಡಗಂಪಣ ಲಿಂಗವಂತರೇ. ನಾವು ಕೈಯೊಡ್ಡಿ ಸ್ವೀಕರಿಸುವ ಪ್ರಸಾದವನ್ನು ಕೊಡುವ ಕೈ ಆ ಊರುಗಳದ್ದು.

ಅಂತಹ ಊರಿನ ಮನೆಯೊಂದರ ಬಾಳನ್ನು ಮನಸ್ಸಿಗೆ ತಂದುಕೊಳ್ಳಿರಿ. ಮಳೆಯನ್ನು ನಂಬಿದ ರಾಗಿಯ ಹೊಲ, ಒಂದೆರಡು ದನ, ನಾಲ್ಕಾರು ಆಡು. ನೀರು ಬೇಕಾದರೆ ಹಳ್ಳಕ್ಕೋ ಬಾವಿಗೋ ನಡೆಯಬೇಕು. ಬೆಳೆ ಹಾಲುಗಟ್ಟುವ ಕಾಲಕ್ಕೆ ಹಂದಿಯೂ ಆನೆಯೂ ಬರುತ್ತವೆ. ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾಯಬೇಕು. ಒಂದು ಸಂಸಾರವು ಎಷ್ಟೇ ಗಟ್ಟಿಯಾಗಿದ್ದರೂ ಇಷ್ಟನ್ನೂ ತಾನೊಂದೇ ಮಾಡಿ ಉಳಿಯಲಾರದು. ಹಗಲು ಉತ್ತವನು ರಾತ್ರಿ ಕಾಯಲಾರ. ಒಂದೇ ಎತ್ತುಳ್ಳವನು ಒಬ್ಬನೇ ಉಳಲಾರ. ಮನೆಗೆ ತೊಲೆಯೇರಿಸುವಾಗ ಹತ್ತು ಕೈ ಒಂದೇ ಗಳಿಗೆಯಲ್ಲಿ ಬೇಕು. ಒಬ್ಬನ ಎರಡು ಕೈ ಹತ್ತು ದಿನ ದುಡಿದರೂ ಆ ತೊಲೆ ಮೇಲೇರುವುದಿಲ್ಲ. ಕಣದಲ್ಲಿ ರಾಗಿ ಹರಡಿರುವಾಗ ಮೋಡ ಕವಿದರೆ ಆ ಒಂದು ಗಳಿಗೆಯಲ್ಲಿ ಬರುವ ನೆರೆಯವನೇ ವರ್ಷದ ಅನ್ನವನ್ನು ಉಳಿಸುವವನು.

ಈ ಕಷ್ಟಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯಕ್ಕೆ ಮುಯ್ಯಾಳು ಎಂದು ಹೆಸರು. ಮೈಸೂರು ಸೀಮೆಯ ಹಳ್ಳಿಗಳಲ್ಲೆಲ್ಲ ಬಳಕೆಯಲ್ಲಿದ್ದ ಪದ್ಧತಿ ಇದು. ನಿನ್ನ ಹೊಲಕ್ಕೆ ಇಂದು ನಾನು, ನನ್ನ ಹೊಲಕ್ಕೆ ನಾಳೆ ನೀನು. ಒಂದೊಂದೇ ಎತ್ತುಳ್ಳ ಎರಡು ಮನೆಯವರು ಜೋಡಿ ಕೂಡಿಸಿಕೊಂಡು ಎರಡು ಹೊಲವನ್ನೂ ಉಳುತ್ತಾರೆ. ಕಾವಲು ಸರದಿಯಂತೆ ನಡೆಯುತ್ತದೆ. ಹಗೇವಿನ ರಾಗಿ ಮುಗಿದ ಮನೆಗೆ ಪಕ್ಕದ ಮನೆಯಿಂದ ಕೊಳಗದಲ್ಲಿ ಅಳೆದ ರಾಗಿ ಬರುತ್ತದೆ. ಬೆಳೆ ಬಂದ ಮೇಲೆ ಅದೇ ಕೊಳಗದಲ್ಲಿ ಅದು ಹಿಂದಿರುಗುತ್ತದೆ.

ಈ ಪದ್ಧತಿಯ ಒಳಗಿನ ನ್ಯಾಯವನ್ನು ಸ್ವಲ್ಪ ವಿಮರ್ಶಿಸಬೇಕು. ಇಲ್ಲಿ ಲೆಕ್ಕವಿಲ್ಲವೆಂದಲ್ಲ, ಲೆಕ್ಕವುಂಟು. ಆದರೆ ಆ ಲೆಕ್ಕವು ಹಣದ್ದಲ್ಲ, ಆಳಿನದು. ಹೆಚ್ಚು ಹೊಲವುಳ್ಳವನ ಒಂದು ದಿನವೂ ಕಡಮೆ ಹೊಲವುಳ್ಳವನ ಒಂದು ದಿನವೂ ಸಮ. ಎರಡನೆಯದಾಗಿ, ಈ ಲೆಕ್ಕವನ್ನು ಯಾರೂ ಅವಸರದಿಂದ ತೀರಿಸುವುದಿಲ್ಲ. ಬಾಣಂತಿಯಿರುವ ಮನೆಗೆ, ಕಾಯಿಲೆಯವರಿರುವ ಮನೆಗೆ ಮುಯ್ಯಾಳು ಮೊದಲು ಹೋಗುತ್ತದೆ. ಅವರು ಹಿಂದಿರುಗಿಸುವುದು ಮುಂದಿನ ವರ್ಷವೇ ಆಗಲಿ, ಅದಕ್ಕೆ ಬಡ್ಡಿಯಿಲ್ಲ. ಗಂಡುದಿಕ್ಕಿಲ್ಲದ ಹೆಂಗಸು ತನ್ನ ಪಾಲಿಗೆ ಅಡಿಗೆ ಮಾಡಿಕೊಟ್ಟೋ, ಕೂಸುಗಳನ್ನು ನೋಡಿಕೊಂಡೋ ಮುಯ್ಯಿ ಸಲ್ಲಿಸುತ್ತಾಳೆ. ಅದನ್ನು ಕೀಳೆಂದು ಎಣಿಸುವುದಿಲ್ಲ. ದಾನ ಮಾಡಿದವನ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಕೊಟ್ಟವನು ಮೇಲೆ, ಕೊಂಡವನು ಕೆಳಗೆ. ಮುಯ್ಯಿಯಲ್ಲಿ ಲೆಕ್ಕ ಮುಗಿಯುವುದೇ ಇಲ್ಲ. ಒಬ್ಬರ ಋಣ ಒಬ್ಬರ ಮೇಲೆ ಯಾವಾಗಲೂ ಇರುವುದರಿಂದಲೇ ಊರು ಊರಾಗಿರುತ್ತದೆ. ಮಾಡಿದೆನೆಂಬ ಹಮ್ಮನ್ನು ಬಿಟ್ಟು ನಾನು ದಾಸನೆಂದು ನೀಡತಕ್ಕದ್ದು ದಾಸೋಹವೆಂದು ನಾವು ಹೇಳುತ್ತೇವಷ್ಟೆ. ಆ ಭಾವಕ್ಕೆ ಹಳ್ಳಿಗರ ಮುಯ್ಯಿಯು ದಾನಕ್ಕಿಂತ ಬಹಳ ಹತ್ತಿರದ್ದೆಂದು ನನಗೆ ತೋರುತ್ತದೆ.

ಈ ಶಬ್ದದ ಮೇಲೆ ಒಂದೆರಡು ಮಾತು. ಮದುವೆಮನೆಯಲ್ಲಿ ಓದಿಸುವ ಉಡುಗೊರೆಗೆ ಮುಯ್ಯಿ ಎನ್ನುತ್ತೇವೆ. ವಿಜಯನಗರದ ಕಲ್ಯಾಣಮಂಟಪದಲ್ಲಿ ಲಕೋಟೆಯ ಮೇಲೆ ಹೆಸರು ಬರೆದು ಕೊಟ್ಟು ಬರುವಾಗ ನಾವೂ ಮುಯ್ಯಿಯನ್ನೇ ಸಲ್ಲಿಸುತ್ತಿರುತ್ತೇವೆ; ಯಾರು ಎಷ್ಟು ಓದಿಸಿದರೆಂಬ ಪುಸ್ತಕವನ್ನು ಮನೆಯ ಹಿರಿಯರು ಜೋಪಾನವಾಗಿಟ್ಟಿರುತ್ತಾರೆ. ಅದೇ ಶಬ್ದಕ್ಕೆ ಸೇಡು ಎಂಬ ಅರ್ಥವೂ ಉಂಟು; ಮುಯ್ಯಿಗೆ ಮುಯ್ಯಿ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಉಪಕಾರಕ್ಕೂ ಅಪಕಾರಕ್ಕೂ ಭಾಷೆ ಒಂದೇ ಹೆಸರನ್ನಿಟ್ಟಿರುವುದು ಅರ್ಥವತ್ತಾಗಿದೆ. ಸಲ್ಲತಕ್ಕ ಋಣವು ಸಲ್ಲದೆ ಹೋದರೆ ಅದು ಎಲ್ಲಿಯೂ ಮಾಯವಾಗುವುದಿಲ್ಲ; ಬೇರೊಂದು ರೂಪವನ್ನು ತಾಳಿ ಬಂದೇ ಬರುತ್ತದೆ. ಇನ್ನು ಹಳಗನ್ನಡದಲ್ಲಿ ಮುಯ್ಪು ಎಂದರೆ ಹೆಗಲು. ಮುಯ್ಯಿ ಮುಯ್ಪುಗಳು ಬೇರೆ ಬೇರೆ ಪದಗಳೆಂದೇ ಇಟ್ಟುಕೊಂಡರೂ, ಆ ಮಲೆಯಲ್ಲಿ ಅವೆರಡೂ ಕೂಡುವ ಒಂದು ಸಂದರ್ಭವುಂಟು. ಅದನ್ನು ಹೇಳುತ್ತೇನೆ.

ಕಾಡಿನ ಊರಿನಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ಅಥವಾ ಹೆರಿಗೆ ಕಷ್ಟವಾದರೆ, ವಾಹನ ಬರುವ ದಾರಿಯಿಲ್ಲದ ಕಡೆ ಕಂಬಳಿಯನ್ನೋ ಗಟ್ಟಿ ಬಟ್ಟೆಯನ್ನೋ ಉದ್ದನೆಯ ಗಳುವಿಗೆ ಕಟ್ಟಿ ಡೋಲಿ ಮಾಡುತ್ತಾರೆ. ಹೊರುವವರು ಹೊರುತ್ತಾರೆ, ಹಿಂದೆ ಹೆಗಲು ಕೊಡುವವರು ನಡೆಯುತ್ತಾರೆ, ಸ್ವಲ್ಪ ದೂರಕ್ಕೊಮ್ಮೆ ಹೆಗಲು ಬದಲಾಗುತ್ತದೆ. ಕಲ್ಲು, ಇಳಿಜಾರು, ಆನೆಯ ಭಯ. ಹೀಗೆ ಮೈಲಿಗಟ್ಟಲೆ ನಡೆದು ಬೆಟ್ಟದ ಆಸ್ಪತ್ರೆಯನ್ನು ಸೇರಬೇಕು. ಆ ಮಾರ್ಗದಲ್ಲಿ ಹೆಗಲು ಕೊಡದೆ ಮನೆಯಲ್ಲಿ ಉಳಿಯುವವರಿಲ್ಲ. ಏಕೆಂದರೆ ನಾಳೆ ಡೋಲಿಯಲ್ಲಿ ಮಲಗುವವರು ಯಾರೆಂದು ಯಾರೂ ಹೇಳಲಾರರು.

ಇಲ್ಲಿಯವರೆಗೆ ಕೇಳಿದವರು ಆಹಾ, ಎಂತಹ ಸಹಕಾರ, ಎಂತಹ ಸರಳ ಜೀವನ, ಎಂದು ತಲೆದೂಗಬಹುದು. ಹೊಗಳಿ ಕೈತೊಳೆದುಕೊಳ್ಳುವ ಅಪಾಯ ಇಲ್ಲಿಯೇ ಇದೆ. ಆದುದರಿಂದ ಮೂರು ಆಕ್ಷೇಪಗಳನ್ನು ಎತ್ತಿಕೊಂಡು, ಪಾಠಶಾಲೆಯ ಕ್ರಮದಂತೆ ಪೂರ್ವಪಕ್ಷವನ್ನು ಮೊದಲು ಹೇಳಿ ಸಮಾಧಾನವನ್ನು ಆಮೇಲೆ ಹೇಳುತ್ತೇನೆ.

ಮೊದಲನೆಯ ಆಕ್ಷೇಪ: ಅವರಲ್ಲಿ ಇಷ್ಟು ಒಗ್ಗಟ್ಟಿರುವಾಗ ಹೊರಗಿನವರ ನೆರವೇಕೆ? ಇದಕ್ಕೆ ಸಮಾಧಾನ: ಮುಯ್ಯಿಗೆ ಒಂದು ಮೇರೆಯುಂಟು. ಒಂದು ಮನೆ ಬಿದ್ದಾಗ ಒಂಬತ್ತು ಮನೆ ಎತ್ತಬಲ್ಲವು. ಮಳೆ ಹೋದ ವರ್ಷ ಹತ್ತು ಮನೆಯ ಹಗೇವೂ ಒಟ್ಟಿಗೇ ಬರಿದಾಗುತ್ತವೆ. ಆಗ ಯಾರ ಮನೆಯಿಂದ ಯಾರ ಮನೆಗೆ ಕೊಳಗ ಹೋಗಬೇಕು? ಹಾಗೆಯೇ ರಕ್ತ ಹೋಗುತ್ತಿರುವ ಬಾಣಂತಿಗೆ ಹೆಗಲು ಎಷ್ಟಿದ್ದರೂ ವೈದ್ಯನ ಕೆಲಸವಾಗುವುದಿಲ್ಲ. ಸಮಾನರಾದ ಬಡವರ ನಡುವಿನ ಮುಯ್ಯಿ ಎಷ್ಟು ಪವಿತ್ರವಾದುದಾದರೂ, ಎಲ್ಲರ ಮೇಲೆ ಏಕಕಾಲದಲ್ಲಿ ಬಂದ ಆಪತ್ತನ್ನು ಅದು ತಾಳಲಾರದು. ಅಂತಹ ಹೊತ್ತಿಗೆ ಮುಯ್ಯಿಯ ವೃತ್ತವು ದೊಡ್ಡದಾಗಬೇಕು. ಬೇರೆ ಮೋಡದ ಕೆಳಗೆ ಬಾಳುವವರು ಅದರೊಳಗೆ ಬರಬೇಕು.

ಈ ವೃತ್ತವು ದೊಡ್ಡದಾಗದಿದ್ದರೆ ಏನಾಗುವುದೆಂಬುದನ್ನು ನಾವೇ ಕಂಡಿದ್ದೇವೆ. 2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಇಂಡಿಗನತ್ತದ ಜನರು ಮೂಲಸೌಕರ್ಯಗಳಿಲ್ಲವೆಂದು ಮತದಾನವನ್ನು ಬಹಿಷ್ಕರಿಸಿದರು. ಗಲಭೆಯೆದ್ದು ಮತಗಟ್ಟೆಯು ಧ್ವಂಸವಾಯಿತು. 29ರಂದು ಮರುಮತದಾನ ನಡೆಯಿತು. ಮತಗಟ್ಟೆಯನ್ನು ಒಡೆಯುವುದನ್ನು ಯಾವ ವಿವೇಕಿಯೂ ಸಮರ್ಥಿಸಲಾರನು, ನಾನೂ ಸಮರ್ಥಿಸುವುದಿಲ್ಲ. ಆದರೆ ಮುಯ್ಯಿ ಎಂಬ ಪದದ ಎರಡನೆಯ ಅರ್ಥವನ್ನು ಅಂದು ಪತ್ರಿಕೆಗಳಲ್ಲಿ ಓದಿದೆವೆಂದು ಮಾತ್ರ ಹೇಳುತ್ತೇನೆ. ಮರುವರ್ಷ, 2025ರ ಏಪ್ರಿಲ್ 24ರಂದು, ರಾಜ್ಯದ ಸಚಿವ ಸಂಪುಟದ ಸಭೆಯೇ ಆ ಬೆಟ್ಟದ ಮೇಲೆ ನಡೆಯಿತು.

ಎರಡನೆಯ ಆಕ್ಷೇಪ: ಅಷ್ಟು ಕಷ್ಟವಿದ್ದರೆ ಅವರು ಕೆಳಗಿಳಿದು ಬರಬಾರದೇಕೆ? 2013ರಿಂದ ಅದು ವನ್ಯಜೀವಿಧಾಮವೂ ಆಗಿದೆಯಲ್ಲ? ಸಮಾಧಾನ: ಬರುವೆವೆಂಬ ಮನೆಗಳು ಬರಲಿ; ಅವರಿಗೆ ಭೂಮಿಯೂ ಮನೆಯೂ ಗೌರವವೂ ದೊರೆಯಲಿ. ಆದರೆ ಇರುವೆವೆಂಬವರನ್ನು ದೀಪ ನೀರುಗಳನ್ನು ತಡೆಹಿಡಿದು ಇಳಿಸುವುದು ನ್ಯಾಯವಲ್ಲ. ಕಾನೂನು ಕೂಡ ಹಾಗೆ ಹೇಳುವುದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ವನವಾಸಿಗಳ ಊರಿಗೆ ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು, ವಿದ್ಯುತ್ತಿನ ತಂತಿ ಇವುಗಳಿಗಾಗಿ, ಒಂದೊಂದು ಕಾರ್ಯಕ್ಕೆ 1 ಹೆಕ್ಟೇರಿಗಿಂತ ಕಡಮೆ ಭೂಮಿಯನ್ನು, ಹೆಕ್ಟೇರಿಗೆ 75 ಮರಗಳಿಗೆ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದಾಗಿದೆ. ಆನೆಯೂ ಬಾಳಬೇಕು, ಹುಲಿಯೂ ಬಾಳಬೇಕು. ಮಾದಪ್ಪನ ವಾಹನವೇ ಹುಲಿಯಲ್ಲವೇ? ಕಾಡನ್ನು ಕಡಿಯದೆ ಬಾಣಂತಿಯನ್ನು ಉಳಿಸುವ ದಾರಿಯನ್ನು ಹುಡುಕುವುದು ಬುದ್ಧಿವಂತರ ಕೆಲಸ.

ಮೂರನೆಯ ಆಕ್ಷೇಪ: ನಾವು ಹುಂಡಿಗೆ ಹಾಕುತ್ತೇವೆ, ದಾಸೋಹಕ್ಕೆ ಅಕ್ಕಿ ಕೊಡುತ್ತೇವೆ, ಇನ್ನೇನು ಬೇಕು? ಇದಕ್ಕೆ ಸಮಾಧಾನವಾಗಿ ನಮ್ಮ ಮುಯ್ಯಿಯ ಪುಸ್ತಕವನ್ನು ಬಿಚ್ಚಿ ನೋಡೋಣ.

ಬೆಂಗಳೂರಿಗೆ ದೀಪ ಬಂದುದು ಎಲ್ಲಿಂದ? ಕಾವೇರಿಯಿಂದ. ಕೊಳ್ಳೇಗಾಲದ ನೆರೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಮೊದಲು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ನೀರು ಎಲ್ಲಿಂದ? ಅದೂ ಈಗ ಬಹುಮಟ್ಟಿಗೆ ಕಾವೇರಿಯದೇ. 1974ರಲ್ಲಿ ಮೊದಲನೆಯ ಹಂತದ ನೀರು ಬಂದಿತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೆಯ ಹಂತವೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ತರುವಂತೆ ಏರ್ಪಾಟಾಗಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳು ಆ ನೀರನ್ನು ಏರಿಸುತ್ತವೆ. ಅದೇ ಕಾವೇರಿಯು ಮುಂದೆ ಹರಿದು ಮಾದಪ್ಪನ ಮಲೆಗಳ ಬುಡವನ್ನು ಬಳಸಿಕೊಂಡು ಹೊಗೇನಕಲ್ಲಿಗೆ ಹೋಗುತ್ತದೆ. ಬುಡದಲ್ಲಿ ನದಿ, ಮೇಲಿನ ಊರಿನ ಹೆಣ್ಣುಮಗಳ ತಲೆಯ ಮೇಲೆ ಕೊಡ.

ದೀಪಾವಳಿಯ ಜಾತ್ರೆಯಲ್ಲಿ ಹಾಲರವಿಯ ಉತ್ಸವವನ್ನು ತಾವು ನೋಡಿರಬಹುದು. ಬೇಡಗಂಪಣರ 101 ಹೆಣ್ಣುಮಕ್ಕಳು ಹಾಲಹಳ್ಳದಿಂದ ನೀರನ್ನು ಹೊತ್ತು ಕಾಡುದಾರಿಯಲ್ಲಿ ಬರಿಗಾಲಿನಲ್ಲಿ ನಡೆದು ತಂದು ಸ್ವಾಮಿಗೆ ಅಭಿಷೇಕ ಮಾಡಿಸುತ್ತಾರೆ. ನಾವು ದಾರಿಯ ಇಕ್ಕೆಲದಲ್ಲಿ ನಿಂತು ಕೈಮುಗಿಯುತ್ತೇವೆ. ಆ ಒಂದು ದಿನ ನೀರು ಹೊರುವ ಮಗಳು ಪೂಜ್ಯಳು. ವರ್ಷದ ಉಳಿದ ದಿನಗಳಲ್ಲಿ ಅದೇ ಮಗಳು ಮನೆಗೆ ನೀರು ಹೊರುವಾಗ ನಮ್ಮ ಕೈಗಳು ಎಲ್ಲಿರುತ್ತವೆ?

ಕೊಂಡದ್ದನ್ನು ಹೇಳಿದೆ. ಕೊಟ್ಟದ್ದನ್ನೂ ಹೇಳಬೇಕು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹೇಳುವ ವೃಷಭಾವತಿಯು ನಮ್ಮ ಪಶ್ಚಿಮ ಬೆಂಗಳೂರಿನ ನದಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕೊಳಚೆಯೆಲ್ಲ ಈ ಕಣಿವೆಗೇ ಇಳಿಯುತ್ತದೆ. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಹೊಕ್ಕು ಹೊರಟು, ಅವಳು ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿಯು ಕಾವೇರಿಯನ್ನು ಸೇರುವುದು ಎಲ್ಲಿ? ಅದೇ ಸಂಗಮದಲ್ಲಿ, ಪಾದಯಾತ್ರೆಯ ಭಕ್ತರು ಮಾದಪ್ಪನನ್ನು ನೆನೆದು ಮುಳುಗು ಹಾಕಿ ದಾಟುವ ಸ್ಥಳದಲ್ಲಿ. ಆ ನೀರಿನಲ್ಲಿ ತಮ್ಮ ತಮ್ಮ ಬಚ್ಚಲಿನ ಪಾಲೂ ಉಂಟೆಂಬುದನ್ನು ಯಾತ್ರಿಕರು ತಿಳಿಯತಕ್ಕದ್ದು. ನದಿಯ ಮೇಲಣಿಂದ ತಿಳಿನೀರನ್ನೂ ಬೆಳಕನ್ನೂ ತೆಗೆದುಕೊಂಡೆವು. ಕೆಳಗಣ ದಾರಿಯಿಂದ ವೃಷಭಾವತಿಯನ್ನು ಕಳುಹಿಸಿದೆವು. ಹುಂಡಿಯ ಹಣದಿಂದ ಈ ಲೆಕ್ಕವು ಸರಿಹೋಗುವುದೇ? ತಾವೇ ಹೇಳಬೇಕು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಕೆಲಸಗಳು ಸರಕಾರದವು. ಅವುಗಳನ್ನು ಸರಕಾರವೇ ಮಾಡಬೇಕು, ಮಾಡೆಂದು ನಾವು ಕೇಳಬೇಕು. ಈ ಸುವರ್ಣ ಮಹೋತ್ಸವದ ನೆನಪಿಗಾಗಿ ಶ್ರೀಮಠದ ಭಕ್ತರು ಮಾಡಬಹುದಾದ ಮೂರು ಸಣ್ಣ ಕೆಲಸಗಳನ್ನು ಸನ್ನಿಧಿಯವರ ಮುಂದೆ ವಿಜ್ಞಾಪಿಸುತ್ತೇನೆ.

ಒಂದನೆಯದು ಬರವಣಿಗೆಯ ಕೆಲಸ. ಮೇಲೆ ಹೇಳಿದ ಕಾಯಿದೆಯಲ್ಲಿ, ಪರಿಶಿಷ್ಟ ಪಂಗಡದವರಲ್ಲದ ವನವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕೆಂಬ ನಿಬಂಧನೆಯುಂಟು. ಶತಮಾನಗಳಿಂದ ಬಾಳಿದವನ ಮನೆಯಲ್ಲಿ ಕಾಗದವಿರುವುದಿಲ್ಲ. ಕೊಳ್ಳೇಗಾಲದ ಸೀಮೆಯು 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಹಳೆಯ ದಾಖಲೆಗಳ ಹುಡುಕಾಟವೂ ಸುಲಭವಲ್ಲ. ಆದರೆ ಸರಕಾರಿ ಕಾಗದವೊಂದೇ ಸಾಕ್ಷಿಯಲ್ಲ. ಹಳೆಯ ಬಾವಿ, ಸಮಾಧಿಸ್ಥಳ, ದೇವರ ಬನ, ವಂಶಾವಳಿ, ಊರ ಹಿರಿಯರ ಹೇಳಿಕೆ ಇವೂ ಸಾಕ್ಷಿಗಳೆಂದು ಆ ಕಾಯಿದೆಯ ನಿಯಮಗಳು ಒಪ್ಪುತ್ತವೆ. ನಮ್ಮ ಸಂಪ್ರದಾಯದಲ್ಲಿ ಸತ್ತವರನ್ನು ಸುಡುವುದಿಲ್ಲ, ಸಮಾಧಿ ಮಾಡುತ್ತೇವೆ. ಅಜ್ಜ ಮುತ್ತಜ್ಜರ ಗದ್ದುಗೆಗಳು ಆ ಮಣ್ಣಿನಲ್ಲಿ ಸಾಕ್ಷಿ ಹೇಳಲು ಕಾದಿವೆ. ಓಲೆ ಕಡತಗಳನ್ನು ಓದಬಲ್ಲ ಮಠದ ವಿದ್ಯಾರ್ಥಿಗಳೂ, ಕಾನೂನು ಬಲ್ಲ ನಮ್ಮ ಭಕ್ತರೂ ಕೂಡಿ, ಆ ಊರುಗಳವರು ಒಪ್ಪಿ ಕರೆದರೆ, ಅಲ್ಲಿಗೆ ಹೋಗಿ ವಂಶಾವಳಿಗಳನ್ನೂ ಹಿರಿಯರ ಮಾತುಗಳನ್ನೂ ಬರೆದುಕೊಡಬಹುದು. ಪಾಠಶಾಲೆಯಲ್ಲಿ ಕಲಿತ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಕಾಯಕವನ್ನು ನಾನು ಕಾಣೆ.

ಎರಡನೆಯದು ದೀಪದ ಕೆಲಸ. ತಂತಿಯಿಲ್ಲದ ಮನೆಗೆ ಸೌರದೀಪವನ್ನು ಕೊಡುವವರು ಬಹಳ ಮಂದಿ. ಕೊಟ್ಟ ದಿನ ದೀಪ ಬೆಳಗುತ್ತದೆ, ಭಾವಚಿತ್ರವನ್ನೂ ತೆಗೆಯುತ್ತಾರೆ. ಆದರೆ ಬಿಸಿಲನ್ನು ಹಿಡಿಯುವ ಫಲಕವು ಇಪ್ಪತ್ತು ವರ್ಷ ಬಾಳಿದರೂ ಅದರ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಆಮ್ಲದ ಬ್ಯಾಟರಿಗೆ ಕಾಲಕಾಲಕ್ಕೆ ಶುದ್ಧಜಲವನ್ನು ತುಂಬದಿದ್ದರೆ ಅದಕ್ಕೂ ಮುಂಚೆಯೇ ಸೋಲುತ್ತದೆ. ಆಮೇಲೆ ಫಲಕವು ಮನೆಯ ಮೇಲೆ ಅಲಂಕಾರಕ್ಕಿರುತ್ತದೆ. ಕೊಟ್ಟು ಮರೆಯುವ ದಾನಕ್ಕೂ ಮರಳಿ ಬರುವ ಮುಯ್ಯಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ಬೇರೊಂದಿಲ್ಲ. ರಾಜಾಜಿನಗರದ ಕಾರ್ಖಾನೆಗಳಲ್ಲಿ ಕೈಪಳಗಿದ ಯಂತ್ರಜ್ಞರು ನಮ್ಮ ಭಕ್ತರಲ್ಲಿ ಅನೇಕರಿದ್ದೀರಿ. ವರ್ಷಕ್ಕೆರಡು ಬಾರಿ ಹೋಗಿ, ದುರಸ್ತಿ ಮಾಡಿ, ಊರಿಗೆ ಇಬ್ಬರಂತೆ ಅಲ್ಲಿಯ ಮಕ್ಕಳಿಗೇ ಆ ವಿದ್ಯೆಯನ್ನು ಕಲಿಸಿ ಬನ್ನಿರಿ. ಅಂದು ಅವರ ಮನೆಯಲ್ಲಿಯೇ ಉಣ್ಣಿರಿ. ಅವರು ಕೊಟ್ಟ ಸೇರು ರಾಗಿಯನ್ನು ಬೇಡವೆನ್ನದೆ ತನ್ನಿರಿ. ಅದನ್ನು ಬೇಡವೆಂದರೆ ಮುಯ್ಯಿ ಮುರಿದು ದಾನವಾಗುತ್ತದೆ.

ಮೂರನೆಯದು ಮನೆಯ ಕೆಲಸ. ವೃಷಭಾವತಿಗೆ ಹೋಗುವ ಕೊಳೆಯಲ್ಲಿ ನಮ್ಮ ಬೀದಿಯ ಪಾಲೆಷ್ಟು ಎಂಬುದನ್ನು ಬೀದಿಯವರೆಲ್ಲ ಕೂಡಿ ವಿಚಾರಿಸತಕ್ಕದ್ದು. ಮಳೆಯ ಕಾಲುವೆಗೆ ಕೊಳಚೆಯ ಕೊಳವೆಯನ್ನು ಕಟ್ಟಿದ್ದರೆ ಬಿಡಿಸತಕ್ಕದ್ದು. ಇದಕ್ಕೆ ನೆರೆಯವನ ಬಾಗಿಲನ್ನು ತಟ್ಟಬೇಕಾಗುತ್ತದೆ. ಒಂದೇ ಗೋಡೆಯ ಈಚೆ ಆಚೆ ಹತ್ತು ವರ್ಷ ವಾಸಮಾಡಿ ಹೆಸರು ತಿಳಿಯದವರು ನಮ್ಮ ನಡುವೆ ಇದ್ದಾರೆ. ಕೊಳಾಯಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು ಬರುವುದರಿಂದ ನೆರೆಯವನು ಬೇಡವೆನ್ನಿಸುತ್ತದೆ. ನಿಜವಾಗಿ ನಾವು ಮಲೆಯವರಿಗಿಂತ ಹೆಚ್ಚು ಪರಾಧೀನರು. ಅವರು ಹತ್ತು ಮನೆಯವರನ್ನು ಆತುಕೊಂಡಿದ್ದಾರೆ, ಆ ಹತ್ತು ಮನೆಯ ಹೆಸರನ್ನೂ ಬಲ್ಲರು. ನಾವು ಆತುಕೊಂಡಿರುವ ಲಕ್ಷ ಕೈಗಳಲ್ಲಿ ಒಂದರ ಹೆಸರನ್ನೂ ಅರಿಯೆವು.

ಮಹದೇಶ್ವರನು ಸುತ್ತೂರಿನ ಮಠದಲ್ಲಿ ರಾಗಿ ಬೀಸಿದನೆಂದು ಕಂಸಾಳೆಯವರು ಹಾಡುತ್ತಾರೆ. ಮಲೆಗೆ ಬಂದ ಮೇಲೆ ಆತನು ಆಲಂಬಾಡಿಯ ಜುಂಜೇಗೌಡನಿಂದ ಗುಡಿಯನ್ನು ಕಟ್ಟಿಸಿಕೊಂಡನು. ಸೋಲಿಗರನ್ನೂ ಬೇಡಗಂಪಣರನ್ನೂ ಒಕ್ಕಲು ಮಾಡಿಕೊಂಡನು. ಸ್ವಾಮಿಯಾದವನು ಒಬ್ಬರ ಮನೆಯ ಬೀಸುಕಲ್ಲಿಗೆ ಹೆಗಲು ಕೊಟ್ಟು, ಇನ್ನೊಬ್ಬರ ಕೈಯ ಗುಡಿಯನ್ನು ಸ್ವೀಕರಿಸಿದನೆಂಬುದು ಆ ಕಥೆಯ ಸಾರ. ಕೊಡಲು ಬಲ್ಲವರು ಕೊಳ್ಳಲೂ ಕಲಿಯಬೇಕೆಂದು ನಾನು ಅದರಿಂದ ತಿಳಿದುಕೊಂಡಿದ್ದೇನೆ.

ಶ್ರೀಮಠಕ್ಕೆ ಐವತ್ತು ವರ್ಷಗಳು ತುಂಬಿದ ಈ ಪುಣ್ಯಕಾಲದಲ್ಲಿ ತೇರು, ಉತ್ಸವ, ಅನ್ನಸಂತರ್ಪಣೆಗಳೆಲ್ಲವೂ ಸಾಂಗವಾಗಿ ನಡೆದಿವೆ. ಮುಂದಿನ ಶಿವರಾತ್ರಿಗೆ ಬೆಟ್ಟಕ್ಕೆ ಹೊರಡುವವರು ಒಂದು ದಿನ ಮುಂಚೆ ಹೊರಟು, ಗುಡಿಯ ಆಚೆಯ ಒಂದು ಊರಿನ ಹಿರಿಯರನ್ನು ಕಂಡು, ನಿಮಗೆ ಬೇಕಾದುದೇನೆಂದು ಕೇಳಿ ಬರಬೇಕೆಂದು ಬೇಡುತ್ತೇನೆ. ಸನ್ನಿಧಿಯವರು ಈ ವಿಜ್ಞಾಪನೆಯನ್ನು ಲಾಲಿಸಿ ಅಪ್ಪಣೆ ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ.